ಅತ್ತೆಯ ಬಲಗಣ್ಣು

ಕಣ್ಣಾಸ್ಪತ್ರೆಯ ಹಿಂಭಾಗದಲ್ಲಿ, ಔಷಧದ ಉಗ್ರಾಣ ದಾಟಿದ ಮೇಲೆ, ಉತ್ತರಕ್ಕೆ ದೊಡ್ಡ ಕಿಟಕಿಯಿರುವ ಪುಟ್ಟ ಕೋಣೆಯೊಂದಿದೆ. ಅಲ್ಲಿ ಕೂತು ಒಬ್ಬ ಹೆಂಗಸು ಇಪ್ಪತ್ತಾರು ವರ್ಷದಿಂದ ಕಣ್ಣು ಬರೆಯುತ್ತಿದ್ದಾಳೆ. ಗೊಂಬೆಯ ಕಣ್ಣಲ್ಲ ಸ್ವಾಮಿ, ಮನುಷ್ಯರದು. ಕಾಯಿಲೆಗೋ ಅಪಘಾತಕ್ಕೋ ಒಂದು ಕಣ್ಣು ಕಳೆದುಕೊಂಡವರಿಗೆ ಹಾಕುವ ಪ್ಲಾಸ್ಟಿಕ್ ಕಣ್ಣು. ಡಾಕ್ಟರಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಅವಳು ಕಣ್ಣಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಕೆಲಸ ನೋಡಬೇಕು ನೀವು. ಕರಿಗುಡ್ಡೆಯಾಗಬೇಕಾದ, ಕಿರುಬೆರಳಿನ ಉಗುರಿನಷ್ಟಗಲದ ಕಪ್ಪು ಬಿಲ್ಲೆ, ನಾಲ್ಕೇ ಕೂದಲಿನ ಬ್ರಷ್ಷು. ಒಂದು ಪದರ ಬಣ್ಣ, ಅದರ ಮೇಲೆ ಒಂದು ಹನಿ ನೀರು. ಒದ್ದೆಯಾದಾಗಲೇ ಬಣ್ಣದ ನಿಜವಾದ ಮುಖ ಕಾಣುವುದು. ಒರೆಸಿ, ಮತ್ತೊಂದು ಪದರ. ಹೀಗೆ ಹತ್ತೋ ಹನ್ನೆರಡೋ. ಆಮೇಲೆ ಕೆಂಪು ರೇಷ್ಮೆ ದಾರವನ್ನು ಎಳೆಎಳೆಯಾಗಿ ಬಿಡಿಸಿ, ಬಿಳಿ ಭಾಗದ ಮೇಲೆ ರಕ್ತನಾಳದ ಹಾಗೆ ಕೂರಿಸುತ್ತಾಳೆ. ಆ ಬಿಳಿಯೂ ಬಿಳಿಯಲ್ಲ. "ಬಿಳಿ ಅನ್ನೋದು ಗೋಡೆಗೆ," ಎನ್ನುವುದು ಅವಳ ಮಾತು. ಹೊಸ ಕಣ್ಣು ಉಳಿದ ಕಣ್ಣಿನ ತದ್ರೂಪ ಆಗಬೇಕೆಂದು ಯಾರಾದರೂ ಹಟ ಹಿಡಿದರೆ ನಗುತ್ತಾಳೆ. "ಯಾರ ಮುಖದಲ್ಲೂ ಎರಡು ಕಣ್ಣು ಒಂದೇ ಥರ ಇರಲ್ಲ ಕಣ್ರೀ. ಅಕ್ಕ ತಂಗಿ ಇದ್ದ ಹಾಗೆ, ಒಬ್ಬಳು ಸ್ವಲ್ಪ ಮುಂಗೋಪಿ. ತದ್ರೂಪ ಮಾಡಿದ್ರೆ ಎರಡೂ ಸುಳ್ಳು ಅನ್ಸುತ್ತೆ."

ಅವಳದೊಂದು ನಿಯಮವಿದೆ. ಬ್ರಷ್ಷು ಮುಟ್ಟುವ ಮೊದಲು ಎದುರು ಕೂತವರ ಉಳಿದ ಕಣ್ಣನ್ನು ಒಂದು ಗಂಟೆ ನೋಡಬೇಕು. ಕಲಿಯಲು ಬಂದವರಿಗೂ ಅದನ್ನೇ ಹೇಳುತ್ತಾಳೆ: "ನಿಮಗೆ ಗೊತ್ತಿರೋದನ್ನ ಬರೀಬೇಡಿ. ಅಲ್ಲಿ ಇರೋದನ್ನ ಬರೀರಿ."

ಇಂಥ ಕಣ್ಣಕ್ಕ ಮನೆಯಲ್ಲಿ ಒಬ್ಬರನ್ನು ಮಾತ್ರ ಕಣ್ಣೆತ್ತಿ ನೋಡುತ್ತಿರಲಿಲ್ಲ. ಅದು ಅವಳ ಅತ್ತೆ.

ಅತ್ತೆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ನಿವೃತ್ತಿ ಶಾಲೆಯಿಂದ ಮಾತ್ರ, ದರ್ಬಾರಿನಿಂದಲ್ಲ. ಮದುವೆಯಾದ ಹೊಸತರಲ್ಲಿ ಸೊಸೆ, ತಾನು ಚಿತ್ರಕಲಾ ಶಾಲೆಯಲ್ಲಿ ಬರೆದ ದೊಡ್ಡ ಹಡಗಿನ ಚಿತ್ರವನ್ನು ಮುಂದಿನ ಕೋಣೆಯಲ್ಲಿ ತೂಗುಹಾಕಿದ್ದಳು. ತಿಂಗಳೊಳಗೆ ಯಾರೋ ನೆಂಟರು ಬಂದರು. ಅವಳು ಕೆಲಸದಿಂದ ಬರುವಷ್ಟರಲ್ಲಿ ಗೋಡೆ ಖಾಲಿ, ಹಡಗು ಅಟ್ಟದ ಮೇಲೆ. ಇವಳು ಯಾಕೆಂದು ಕೇಳಲಿಲ್ಲ, ಅವರು ಹೇಳಲಿಲ್ಲ. ಅವತ್ತಿನಿಂದ ಸೊಸೆ ಏನೇ ಮಾತಾಡಿದರೂ ಅತ್ತೆಯ ಎಡ ಹೆಗಲನ್ನು ನೋಡಿಕೊಂಡೇ ಮಾತಾಡಿದಳು. ಇಪ್ಪತ್ತಮೂರು ವರ್ಷ ಒಂದು ಹೆಗಲಿನ ಜೊತೆ ಏಗುವುದೆಂದರೆ ಸಾಮಾನ್ಯವೇ! ಗಂಡನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಇರುವುದರಲ್ಲಿ ಆ ಪುಣ್ಯಾತ್ಮನದು ಎತ್ತಿದ ಕೈ.

ಈಗ ನೋಡಿ, ಅತ್ತೆಯ ಬಲಗಣ್ಣಿಗೆ ಸೋಂಕಾಯಿತು. ಯಾರಿಗೂ ಹೇಳದೆ, ತಾವೇ ಏನೋ ಹನಿ ಹಾಕಿಕೊಂಡು ಹದಿನೈದು ದಿನ ತಳ್ಳಿದರು. ಕೊನೆಗೆ ಕಣ್ಣು ತೆಗೆಯದೆ ಬೇರೆ ದಾರಿಯೇ ಇರಲಿಲ್ಲ.

ಅವರು ದಿನಾ ಹತ್ತು ಗಂಟೆಗೆ ಗ್ರಂಥಾಲಯಕ್ಕೆ ಹೋಗಿ, ಪತ್ರಿಕೆಯಲ್ಲಿನ ತಪ್ಪುಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ, ಅವನ್ನು ಅಕ್ಕಪಕ್ಕದವರಿಗೆ ಓದಿ ಹೇಳಿ ಬರುತ್ತಿದ್ದವರು. ಅದು ನಿಂತುಹೋಯಿತು. ಕೋಣೆಯ ಬಾಗಿಲು ಹಾಕಿದವರು ತೆಗೆಯಲಿಲ್ಲ. ತಟ್ಟೆ ಬಾಗಿಲ ಹೊರಗಿಡಬೇಕು, ಅರ್ಧ ತಿಂದದ್ದನ್ನು ಹೊರಗಿನಿಂದಲೇ ತೆಗೆದುಕೊಳ್ಳಬೇಕು. ಎರಡು ತಿಂಗಳಲ್ಲಿ ಕಣ್ಣುಗುಳಿಯ ಅಳತೆಯ ಅಚ್ಚು ತೆಗೆಸಲು ಒಮ್ಮೆ ಆಸ್ಪತ್ರೆಗೆ ಬಂದದ್ದು ಬಿಟ್ಟರೆ ಹೊಸ್ತಿಲು ದಾಟಲಿಲ್ಲ.

"ನೀನೇ ಏನಾದ್ರೂ ಮಾಡು," ಎಂದ ಗಂಡ, ಮೊದಲ ಸಲ ಬಾಯಿಬಿಟ್ಟು. "ಅಮ್ಮ ಹೀಗೇ ಕೂತ್ರೆ ಜಾಸ್ತಿ ದಿನ ಉಳಿಯಲ್ಲ."

ಅವಳಿಗೂ ಅದು ಗೊತ್ತಿತ್ತು. ಹಾಗೆ ಆಗಿಬಿಟ್ಟರೆ ಕೈಲಿ ವಿದ್ಯೆಯಿದ್ದೂ ಮಾಡಲಿಲ್ಲ ಎಂಬ ಕೊರಗು ತನ್ನನ್ನು ಬಿಡುವುದಿಲ್ಲ ಎನ್ನುವುದೂ ಗೊತ್ತಿತ್ತು. ಅವತ್ತೇ ಕೂತಳು. ಕೂತವಳು ಎಂಥ ತಪ್ಪು ಮಾಡಿದಳು ನೋಡಿ: ತನ್ನ ನಿಯಮವನ್ನು ತಾನೇ ಗಾಳಿಗೆ ತೂರಿದಳು. ಒಂದೇ ಸೂರಿನಡಿ ಇಪ್ಪತ್ತಮೂರು ವರ್ಷ ಇದ್ದವರನ್ನು ಮತ್ತೆ ಕೂರಿಸಿ ನೋಡುವುದೇನು? ಕಡುಕಪ್ಪು, ಚುರುಕು, ಬೈಯಲು ಸಿದ್ಧವಾದ ಕಣ್ಣು. ಸರಸರ ಬರೆದಳು.

ಅತ್ತೆ ಹಾಕಿಸಿಕೊಂಡು ಕನ್ನಡಿ ನೋಡಿದರು. "ಇದು ನನ್ನದಲ್ಲ," ಎಂದು ತೆಗೆದು ಸೊಸೆಯ ಅಂಗೈಗೆ ಹಾಕಿದರು.

ಎರಡನೆಯದನ್ನು ಕದ್ದು ಕದ್ದು ನೋಡಿ ಬರೆದಳು. ತಟ್ಟೆ ಇಡುವಾಗ ಬಾಗಿಲ ಸಂದಿಯಿಂದ ಒಂದಿಷ್ಟು, ಔಷಧ ಕೊಡುವಾಗ ಒಂದಿಷ್ಟು. ಅದಕ್ಕೂ ಅದೇ ಗತಿ.

"ಇದು ಯಾರನ್ನೋ ಗದರಿಸ್ತಾ ಇದೆ," ಎಂದರು ಅತ್ತೆ. "ಸಾಕು ಬಿಡು. ಒಂದು ಕಪ್ಪು ಕನ್ನಡಕ ತಂದ್ಕೊಡಿ. ಇನ್ನೆಷ್ಟು ದಿನ ಅಂತ ಬದುಕ್ತೀನಿ."

ಆ ಕೊನೆಯ ಮಾತಿಗೆ ಸೊಸೆಗೆ ಹೆದರಿಕೆಯಾಯಿತು. ಜೊತೆಗೆ ಸಿಟ್ಟೂ ನೆತ್ತಿಗೇರಿತು. ಸಾವಿರಾರು ಕಣ್ಣು ಬರೆದವಳಿಗೆ ಮನೆಯವರ ಒಂದು ಕಣ್ಣು ಬರೆಯಲು ಬರಲಿಲ್ಲವೆಂದರೆ ಏನರ್ಥ? ಮರುದಿನ ಹಟಮಾಡಿ, ತಲೆಗೆ ಬಟ್ಟೆ ಹೊದಿಸಿ ಅತ್ತೆಯನ್ನು ಆಸ್ಪತ್ರೆಗೆ ಕರೆತಂದು, ತನ್ನ ಕಿಟಕಿಯ ಬಳಿ ಕೂರಿಸಿದಳು. ಗಂಟೆ ಹತ್ತಾಗಿತ್ತು.

"ಇದೊಂದು ಸಲ, ಅತ್ತೆ. ಒಂದು ಗಂಟೆ ನನ್ನನ್ನೇ ನೋಡ್ತಾ ಇರಬೇಕು."

"ನಾನು ನೋಡ್ತೀನಿ," ಎಂದರು ಅತ್ತೆ. "ನೀನು ನೋಡ್ತೀಯಾ?"

ಅಭ್ಯಾಸಬಲದಿಂದ ಕಣ್ಣಕ್ಕನ ದೃಷ್ಟಿ ಎಡ ಹೆಗಲಿಗೆ ಹೋಗಿತ್ತು. ಅದನ್ನು ಅಲ್ಲಿಂದ ಕಿತ್ತು ಮೇಲೆತ್ತಿದಳು.

ಮೊದಲು ಕಂಡದ್ದು, ಆ ಕಣ್ಣು ಕಪ್ಪೇ ಅಲ್ಲ! ಕಂದು ಬಣ್ಣ. ಪಾಪೆಯ ಹತ್ತಿರ ಹಳೆಯ ಜೇನಿನ ಬಣ್ಣ. ಕೆಳಗೆ, ಗಡಿಯಾರದಲ್ಲಿ ಐದು ಗಂಟೆ ಇರುವ ಜಾಗದಲ್ಲಿ, ಸಾಸಿವೆಗಿಂತ ಸಣ್ಣ ಮಚ್ಚೆ. ಅಂಚಿನ ಸುತ್ತ ವಯಸ್ಸಾದವರಿಗೆ ಬರುವ ಬೂದು ಬಳೆ. ಈ ಬಳೆಯನ್ನು ಕಣ್ಣಕ್ಕ ನೂರಾರು ಮುದುಕರಿಗೆ ಬರೆದಿದ್ದಾಳೆ. ಅತ್ತೆಗೆ ಮಾತ್ರ ಎರಡು ಸಲವೂ ಬರೆದಿರಲಿಲ್ಲ. ಹೊಸ ಸೊಸೆಯಾಗಿ ಬಂದಾಗ ಹೆದರಿಸಿದ ಹೆಂಗಸಿನ ಕಣ್ಣನ್ನೇ ಇಷ್ಟು ದಿನ ಬರೆಯುತ್ತಾ ಕೂತಿದ್ದಳು. ಆ ಹೆಂಗಸು ಈಗ ಇರಲೇ ಇಲ್ಲ. ಎದುರಿಗೆ ಇದ್ದದ್ದು ಎಪ್ಪತ್ತೆಂಟು ವರ್ಷದ ಮುದುಕಿ, ಹೆದರಿ ಕೂತಿದ್ದಳು. ಕಣ್ಣಕ್ಕನಿಗೆ ನಾಚಿಕೆಯಾಯಿತು. ಜೀವನವಿಡೀ ನೋಡುವುದೇ ಕೆಲಸವಾದವಳು ಮನೆಯಲ್ಲಿ ಕುರುಡಿಯಾಗಿದ್ದಳಲ್ಲ!

ಗಂಟೆ ಕಳೆಯಿತು. ಬ್ರಷ್ಷು ತೆಗೆದುಕೊಂಡಳು. ಆರನೆಯ ಪದರ ಆಗುವಾಗ ಅತ್ತೆ ಇದ್ದಕ್ಕಿದ್ದಂತೆ ಬಾಯಿಬಿಟ್ಟರು.

"ಆ ಹಡಗು ಚೆನ್ನಾಗಿರ್ಲಿಲ್ಲ."

"ಏನಂದ್ರಿ?"

"ಹಡಗು ಸರಿಯಾಗಿತ್ತು. ನೀರು ನೀರಿನ ಹಾಗೆ ಇರ್ಲಿಲ್ಲ. ನೆಲಕ್ಕೆ ನೀಲಿ ಬಳಿದ ಹಾಗಿತ್ತು."

"ಇಪ್ಪತ್ತಮೂರು ವರ್ಷ ಆದ್ಮೇಲೆ ಹೇಳ್ತಿದ್ದೀರಾ?"

"ಕೇಳಿದ್ಯಾ ನೀನು? ಕೇಳಿದ್ರೆ ಅವತ್ತೇ ಹೇಳ್ತಿದ್ದೆ. ಆದ್ರೂ ನೀನಿಲ್ಲದಾಗ ಇಳಿಸಬಾರದಿತ್ತು. ಅದು ನನ್ನ ತಪ್ಪು."

ಕಣ್ಣಕ್ಕ ನಗಬೇಕೋ ಜಗಳ ಆಡಬೇಕೋ ತಿಳಿಯದೆ ಬಿಲ್ಲೆಯ ಮೇಲೆ ಒಂದು ಹನಿ ನೀರು ಬಿಟ್ಟಳು. ಜೇನು ಬಣ್ಣ ಮೇಲೆದ್ದು ಬಂತು. ನೀರಿನ ವಿಷಯದಲ್ಲಿ ಅತ್ತೆ ಹೇಳಿದ್ದು ನಿಜ ಎಂದು ಅವಳಿಗೆ ಆ ಕ್ಷಣಕ್ಕೇ ಗೊತ್ತಾಯಿತು, ಆದರೆ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟೊಂದು ಒಳ್ಳೆಯವಳೇನೂ ಅಲ್ಲ ಅವಳು.

ಅಚ್ಚಿಗೆ ಕೂರಿಸಿ, ಬೇಯಿಸಿ, ಉಜ್ಜಿ ಹೊಳಪು ಬರಿಸುವಷ್ಟರಲ್ಲಿ ಎರಡು ದಿನ ಹಿಡಿಯಿತು. ಮೂರನೆಯ ದಿನ ಅತ್ತೆ ಅದೇ ಕಿಟಕಿಯ ಬಳಿ ಕೂತು ಕನ್ನಡಿ ಹಿಡಿದರು.

"ಮುದುಕಿ ಕಣ್ಣು," ಎಂದರು ಕೊನೆಗೂ.

"ಹೌದು, ಅತ್ತೆ."

"ಮಚ್ಚೆ ಎಲ್ಲಿ?"

"ಅದು ಎಡಗಣ್ಣಿಗೆ ಮಾತ್ರ. ಎರಡಕ್ಕೂ ಇಟ್ರೆ ಸುಳ್ಳಾಗುತ್ತೆ."

ಅತ್ತೆ ತಲೆಯಾಡಿಸಿದರು. ಶಾಲೆಯಲ್ಲಿ ಮಗು ಲೆಕ್ಕ ಸರಿ ಮಾಡಿದಾಗ ಹಾಗೆ ತಲೆಯಾಡಿಸುತ್ತಿದ್ದರಂತೆ. ಆಮೇಲೆ ಕೇಳಿದರು: "ಇದು ಅಳುತ್ತಾ?"

ಎಲ್ಲ ರೋಗಿಗಳೂ ಕೇಳುವ ಪ್ರಶ್ನೆ ಅದು. ಉತ್ತರ ಅವಳಿಗೆ ಬಾಯಿಪಾಠ: ನೀರು ಬರುವುದು ಕಣ್ಣಿನಿಂದಲ್ಲ, ರೆಪ್ಪೆಯ ಮೇಲಿನ ಗ್ರಂಥಿಯಿಂದ, ಅದು ಇದ್ದಲ್ಲೇ ಇದೆ, ಗಾಬರಿ ಬೇಡ. ಹೇಳಲೆಂದು ತಲೆಯೆತ್ತಿದಳು. ಅತ್ತೆಯ ಎರಡು ಕಣ್ಣಲ್ಲೂ ನೀರು ತುಂಬಿತ್ತು. ಯಾವುದು ತಾನು ಬರೆದದ್ದೆಂದು ಒಂದು ಗಳಿಗೆ ಅವಳಿಗೇ ತಿಳಿಯಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಗ್ರಂಥಾಲಯದ ಮುಂದೆ ಆಟೋ ನಿಲ್ಲಿಸಿದರು. ತಲೆಯ ಬಟ್ಟೆ ತೆಗೆದು ಸೊಸೆಯ ಕೈಗೆ ಕೊಟ್ಟರು. ಎರಡು ತಿಂಗಳ ಪತ್ರಿಕೆ ಬಾಕಿಯಿದೆ, ಎಷ್ಟು ತಪ್ಪು ಹಾಗೇ ಉಳಿದಿದೆಯೋ ಏನೋ ಎಂದು ಗೊಣಗುತ್ತ ಇಳಿದು, ನಾಲ್ಕು ಹೆಜ್ಜೆ ಹೋದವರು ತಿರುಗಿದರು.

"ಅಟ್ಟದಿಂದ ಆ ಹಡಗು ಇಳಿಸಿಡು," ಎಂದರು. "ಈಗ ನಿನಗೆ ನೀರು ಬರೆಯೋಕೆ ಬರುತ್ತೆ."

"ಆಯ್ತು, ಅತ್ತೆ," ಎಂದಳು ಕಣ್ಣಕ್ಕ, ಅವರನ್ನೇ ನೋಡುತ್ತ.