ಊದುಬತ್ತಿ ಹಚ್ಚದ ಮನೆ

ಶಿಡ್ಲಘಟ್ಟದ ಹಳೇ ಪೇಟೆಯಲ್ಲಿರುವ ನಮ್ಮ ಮನೆಗೆ ಮುತ್ತಾತ ಮಹಡಿ ಕಟ್ಟಿಸಿದ್ದು ಮದುವೆಗೆ ಬಂದ ನೆಂಟರು ಮಲಗಲೆಂದು. ತಾತ ಅಲ್ಲಿ ರೇಷ್ಮೆಹುಳು ಸಾಕಿದರು. ಆಮೇಲೆ ಹೊರಗಿನಿಂದ ಬೇರೆ ಮೆಟ್ಟಿಲು ಬಂತು, ಹೊಲಿಗೆ ತರಗತಿ ಬಂತು. ಈಗ ಬ್ಯೂಟಿ ಪಾರ್ಲರ್ ಇದೆ. ಅಜ್ಜಿಯ ಮಟ್ಟಿಗೆ ಅಲ್ಲಿ ಇನ್ನೂ ಹುಳುಗಳಿವೆ. ಒಳಮೆಟ್ಟಿಲ ಬಳಿ ಬಂದಾಗ ಅವಳು ಇಂದಿಗೂ ದನಿ ತಗ್ಗಿಸುತ್ತಾಳೆ.

ಹುಳು ಸಾಕುವ ಮನೆಯಲ್ಲಿ ಹೊಗೆ, ಘಾಟು, ಸುಗಂಧ ಯಾವುದೂ ಕೂಡದು. ನನಗೆ ಎಂಟು ವರ್ಷವಿದ್ದಾಗ ಒಂದು ಬೆಳಿಗ್ಗೆ ತಾತ ತೀರಿಕೊಂಡರು. ಅದೇ ಬೆಳಿಗ್ಗೆ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಕಳಚಿ, ಹಸಿದು ಸೊಪ್ಪಿಗೆ ಕಾಯುತ್ತಿದ್ದವು. ತಾತನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಅವರ ತಂಗಿ ಊದುಬತ್ತಿಯ ಕಟ್ಟು ಬಿಚ್ಚಿದಾಗ ಅಜ್ಜಿ ಅದನ್ನು ಕಿತ್ತುಕೊಂಡಳು.

“ಬ್ಯಾಡ, ಮೇಲೆ ಹುಳ ಇದೆ.”

“ಗಂಡನಿಗಿಂತ ಹುಳಾನೇ ಹೆಚ್ಚಾಯ್ತೇನತ್ತಿಗೆ?”

ಅಜ್ಜಿ ಮೇಲೆ ಹೋಗಿ ಸೊಪ್ಪು ಹಾಕಿ ಬಂದು ತಾತನ ತಲೆಯ ಬಳಿ ಕುಳಿತಳು.

ಆ ಸಲದ ಗೂಡು ಬಹಳ ಚೆನ್ನಾಗಿ ಬಂತು. ಅದನ್ನೇ ಅವಳಿಗೆ ತಾಳಿಕೊಳ್ಳಲಾಗಲಿಲ್ಲ. ಮತ್ತೆ ಹುಳು ಸಾಕಲಿಲ್ಲ. ಮನೆಯಲ್ಲಿ ಊದುಬತ್ತಿಯನ್ನೂ ಹಚ್ಚಗೊಡಲಿಲ್ಲ. ದೇವರಿಗೆ ಬರೀ ದೀಪ.

ಈ ವರ್ಷ ತಾತನ ತಿಥಿಯ ದಿನ ಅವಳೇ ನನ್ನ ಕೈಗೆ ಒಂದು ಊದುಬತ್ತಿ ಕೊಟ್ಟಳು.

“ಅವತ್ತು ಹಂಗೇ ಕಳಿಸಿಬಿಟ್ಟೆ. ಇವತ್ತಾದ್ರೂ ಹಚ್ಚಮ್ಮ.” ಕಡ್ಡಿ ಗೀರುವ ಮೊದಲೇ ತಡೆದಳು. “ಒಂದ್ಸಲ ಮೇಲೆ ನೋಡ್ಕೊಂಡು ಬಾ.”

“ಮೇಲಿರೋದು ಪಾರ್ಲರ್, ಅಜ್ಜಿ.”

“ಗೊತ್ತು ಕಣೇ. ನೋಡ್ಕೊಂಡು ಬಾ.”

ಹೋದೆ. ಪಾರ್ಲರಿನವಳು ನನ್ನ ಮುಖ ನೋಡಿ, “ಬನ್ನಿ ಅಕ್ಕ, ಕೊನೆಗೂ ಬಂದ್ರಲ್ಲ! ಐಬ್ರೋನಾ?” ಎಂದಳು. ಸುಮ್ಮನೆ ಬಂದೆ ಎಂದೆ. ಆದರೂ ಕನ್ನಡಿಗಳ ಹಿಂದೆ, ಮೂಲೆಗಳಲ್ಲಿ ಕಣ್ಣಾಡಿಸಿದೆ. ಹುಳುವಿನ ತಟ್ಟೆಗಳನ್ನು ಜೋಡಿಸುತ್ತಿದ್ದ ಮರದ ಗೂಟಗಳ ಗುರುತು ಗೋಡೆಯಲ್ಲಿ ಉಳಿದಿತ್ತು.

“ಏನೂ ಇಲ್ಲ,” ಎಂದೆ ಕೆಳಗೆ ಬಂದು.

“ಸರಿಯಾಗಿ ನೋಡ್ದಾ?”

“ನೋಡ್ದೆ.”

ತಾತನ ಪಟದ ಮುಂದೆ ಊದುಬತ್ತಿ ಹಚ್ಚಿದೆ. ಹೊಗೆ ಸ್ವಲ್ಪ ಹೊತ್ತು ನೇರ ಎದ್ದು, ಆಮೇಲೆ ಒಳಮೆಟ್ಟಿಲ ಕಡೆ ಬಾಗಿತು. ಅಜ್ಜಿಯ ಕಣ್ಣು ಪಟ ಬಿಟ್ಟು ಹೊಗೆಯ ಜೊತೆ ಹೋಯಿತು. ಅವಳ ಬೆರಳುಗಳು ಸೆರಗನ್ನು ಹಿಂಡುತ್ತಿದ್ದವು.

ನಾನು ಎದ್ದು ಮೆಟ್ಟಿಲ ಬಾಗಿಲು ಹಾಕಿದೆ. ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿದೆ.

ಆಮೇಲೆ ಅಜ್ಜಿ ತಾತನತ್ತ ತಿರುಗಿ ಕೈ ಮುಗಿದಳು.