ಮನೆಗೆ ಬಿಡುವ ಹಿಂದಿನ ರಾತ್ರಿ

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ನಡೆದದ್ದು ನನಗೇ. ಆ ರಾತ್ರಿ ನನಗೆ ಜ್ವರವಿರಲಿಲ್ಲ, ನಿದ್ದೆಯ ಮಾತ್ರೆಯನ್ನೂ ಕೊಟ್ಟಿರಲಿಲ್ಲ. ಕೇಳಿದವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಅದು ತೊಂಬತ್ತರ ದಶಕದ ಕೊನೆ. ನಮ್ಮ ಯಜಮಾನರಿಗೆ ವಿಮಾನದ ಕಾರ್ಖಾನೆಯಲ್ಲಿ ಕೆಲಸ, ವಿಮಾನಪುರದ ಕ್ವಾರ್ಟರ್ಸಿನಲ್ಲಿ ಮನೆ. ಮೊದಮೊದಲು ಮುದ್ದೆ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತಿತ್ತು. ಆಮೇಲೆ ಅನ್ನ. ಕೊನೆಗೆ ಗಂಜಿಯೂ ಇಳಿಯದಾದಾಗ ಅನ್ನನಾಳದಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ದಂಡಿನ, ಅಂದರೆ ಕಂಟೋನ್ಮೆಂಟ್ ಕಡೆಯ ಒಂದು ಹಳೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಪಕ್ಕೆ ಕೊಯ್ದು ಕೆಟ್ಟ ಭಾಗವನ್ನು ತೆಗೆದು, ಜಠರವನ್ನೇ ಮೇಲಕ್ಕೆಳೆದು, ಕತ್ತಿನ ಎಡಗಡೆ ಜೋಡಿಸಿ ಹೊಲಿದಿದ್ದರು. ಹೊಟ್ಟೆಗೆ ಹಾಕಿದ ಸಣ್ಣ ಕೊಳವೆಯಲ್ಲೇ ಊಟ. ದನಿ ಮಾತ್ರ ಹೊರಟುಹೋಗಿತ್ತು. ಮಾತಾಡಿದರೆ ಬರೀ ಗಾಳಿ ಬರುತ್ತಿತ್ತು.

ಆಪರೇಷನ್ ಮಾಡಿದ ಡಾಕ್ಟರ್ ಸುಂದರೇಶ್ ಅವಸರದ ಮನುಷ್ಯರಲ್ಲ. ಮನೆಗೆ ಯಾವಾಗ ಎಂದು ನಾನು ಕೈಸನ್ನೆ ಮಾಡಿದಾಗಲೆಲ್ಲ ಅವರದು ಒಂದೇ ಉತ್ತರ: ಆ ಹೊಲಿಗೆ ಕೂಡಿಕೊಂಡಿದೆ ಎಂದು ತಮಗೆ ನಂಬಿಕೆ ಬರಬೇಕು. ಜ್ವರ ಬರಬಾರದು, ನಡೆದಾಗ ಏದುಸಿರು ಬರಬಾರದು, ನೀರು ಕುಡಿದರೆ ಕೆಮ್ಮು ಬರಬಾರದು. ಕೊನೆಗೆ ಬಣ್ಣದ ಔಷಧಿ ಕುಡಿಸಿ ಎಕ್ಸ್‌ರೇ ತೆಗೆಸಿದರು. ಎಲ್ಲೂ ಸೋರಿಕೆ ಕಾಣಲಿಲ್ಲ. "ನಾಳೆ ಹೋಗ್ಬಹುದು ವನಜಾ ಅವ್ರೇ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು.

ಅಷ್ಟು ದಿನ ಹಗಲೂ ರಾತ್ರಿ ನನ್ನ ಜೊತೆಗಿದ್ದ ನಾದಿನಿ ಲಕ್ಷ್ಮಿ ಮನೆ ಸಾರಿಸಿ ಅಣಿ ಮಾಡಬೇಕೆಂದು ಅವತ್ತು ಸಂಜೆಯ ಬಸ್ಸಿಗೆ ಹೊರಟಳು. ಒಂದು ರಾತ್ರಿ ಒಬ್ಬಳೇ ಇರ್ತೀಯಾ ಅತ್ತಿಗೆ ಎಂದು ಕೇಳಿದಳು. ನಾನು ನಕ್ಕು ತಲೆಯಾಡಿಸಿದೆ.

ನನ್ನದು ಮಹಡಿಯ ಕೊನೆಯ ಕೋಣೆ. ಎರಡು ಮಂಚ, ಒಂದು ಖಾಲಿ. ಕಿಟಕಿಯ ಮೇಲೆ ಪದರ ಪದರವಾಗಿ ಬಣ್ಣ ಬಳಿದು ಅದು ತೆರೆಯದಂತಾಗಿತ್ತು. ಮಲಗಿದರೆ ಹೊಟ್ಟೆಯ ಹುಳಿ ಗಂಟಲಿಗೆ ಬರುತ್ತದೆಂದು ದಿಂಬು ಒಟ್ಟಿ ನನ್ನನ್ನು ಅರ್ಧ ಕೂರಿಸಿಯೇ ಮಲಗಿಸುತ್ತಿದ್ದರು.

ಅದೆಷ್ಟು ಹೊತ್ತಿಗೋ ಎಚ್ಚರವಾಯಿತು. ಡೆಟಾಲ್ ವಾಸನೆಯ ಜೊತೆಗೆ ಇನ್ನೊಂದು ವಾಸನೆ... ಹಳಸಿದ ಹಾಲಿನದು.

ಪಕ್ಕದ ಮಂಚದಿಂದ ಗುಟುಕ್... ಗುಟುಕ್... ಎಂಬ ಸದ್ದು. ಯಾರೋ ನೀರು ಕುಡಿಯುತ್ತಿದ್ದರು.

ರಾತ್ರಿ ಹೊಸ ಪೇಷಂಟ್ ಬಂದಿರಬೇಕು ಎಂದುಕೊಂಡೆ. ಹೆಂಗಸು. ನನ್ನ ವಯಸ್ಸೇ ಇರಬಹುದು. ತಲೆಯ ಮೇಲೆ ದುಪಟ್ಟಾ, ಮಡಿಲಲ್ಲಿ ಸ್ಟೀಲ್ ಲೋಟ. ನಾನು ನೋಡುತ್ತಿದ್ದುದು ತಿಳಿದು ಇತ್ತ ತಿರುಗಿದಳು.

"ನಿಮ್ಗೆ ನಾಳೆ ಬಿಡ್ತಾರಂತಾ?" ಪಿಸುದನಿ. ನನ್ನದರಂತೆಯೇ ಬರೀ ಗಾಳಿ.

ನಾನು ಹೌದೆಂದು ತಲೆಯಾಡಿಸಿದೆ.

"ನಮ್ಗೂ ಬಿಟ್ರು. ಹುಷಾರಾಗಿದೀರಾ ಅಂದ್ರು." ಅವಳು ಇನ್ನೊಂದು ಗುಟುಕು ಕುಡಿದಳು. "ನಮ್ದು ಮನೆ ಇಲ್ಲೇ, ಶಿವಾಜಿನಗರದಾಗೆ. ನಡ್ಕೊಂಡೇ ಹೋಗ್ಬೋದು. ಹೋಗಕ್ಕಾಗ್ಲಿಲ್ಲ."

ಆಗ ನೋಡಿದೆ. ಅವಳು ಕುಡಿದ ನೀರು ಕೆಳಗಿಳಿಯುತ್ತಿರಲಿಲ್ಲ. ಪ್ರತಿ ಗುಟುಕಿಗೂ ಕತ್ತಿನ ಎಡಗಡೆಯ ಬ್ಯಾಂಡೇಜಿನಿಂದ ಒಸರಿ ಎದೆಯ ಮೇಲಿನ ಬಟ್ಟೆಯನ್ನು ನೆನೆಸುತ್ತಿತ್ತು...

ಸಿಸ್ಟರನ್ನು ಕರೆಯಲು ಗಂಟೆಯ ಗುಂಡಿ ಒತ್ತಿದೆ. ಸದ್ದಿಲ್ಲ. ಕೂಗಲು ಬಾಯಿ ತೆರೆದೆ. ಗಾಳಿ ಬಂತು, ಅಷ್ಟೇ. ಹೊಟ್ಟೆಯ ಕೊಳವೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಎದ್ದೆ. ಗೋಡೆ ಹಿಡಿದು ಬಾಗಿಲವರೆಗೆ ಹೋದೆ. ದಿನವೂ ನಾನೇ ಬೆರಳಲ್ಲಿ ತಳ್ಳಿ ತೆರೆಯುತ್ತಿದ್ದ, ಒಳಕ್ಕೂ ಹೊರಕ್ಕೂ ತೆರೆಯುವ ಬಾಗಿಲು ಅದು. ಆಚೆ ಕಡೆಯಿಂದ ಯಾರೋ ಬೆನ್ನು ಕೊಟ್ಟು ನಿಂತಂತೆ ಅಲುಗಾಡಲಿಲ್ಲ. ಭುಜ ಕೊಟ್ಟು ತಳ್ಳಿದೆ. ಪಕ್ಕೆಯ ಹೊಲಿಗೆ ಚುಳ್ಳೆಂದಿತು. ಬಾಗಿಲಿನ ಗಾಜಿನಾಚೆ ವರಾಂಡದ ದೀಪ ಉರಿಯುತ್ತಿತ್ತು. ದೂರದಲ್ಲಿ ಮೇಜಿನ ಮುಂದೆ ರಾತ್ರಿ ಪಾಳಿಯ ಸಿಸ್ಟರ್ ಸ್ಟೆಲ್ಲಾ ತಲೆ ತಗ್ಗಿಸಿ ಕೂತಿದ್ದರು. ಗಾಜನ್ನು ಬಡಿದೆ. ನನ್ನ ಕೈಯ ಬಡಿತ ನನಗೇ ಕೇಳಿಸಲಿಲ್ಲ.

ಹಳಸಿದ ಹಾಲಿನ ವಾಸನೆ ಬೆನ್ನ ಹಿಂದೆಯೇ ಬಂತು.

"ಕುಡೀರಿ" ಎಂದಳು. ಲೋಟ ನನ್ನ ತುಟಿಯ ಹತ್ತಿರವಿತ್ತು. "ನೀವು ಹೋಗೋ ಹಾಗಿದೀರೋ ಇಲ್ವೋ, ನಾನ್ ಹೇಳ್ತೀನಿ."

ಏಕೆ ಕುಡಿದೆನೋ ತಿಳಿಯದು. ಬೇರೆ ದಾರಿಯೇ ಇಲ್ಲವೆನಿಸಿತು, ಅಷ್ಟು ಮಾತ್ರ ನೆನಪಿದೆ. ನೀರು ತುಕ್ಕು ಹಿಡಿದ ಕಬ್ಬಿಣದ ಹಾಗಿತ್ತು, ವಿಪರೀತ ತಣ್ಣಗೆ. ಅವಳು ಬಗ್ಗಿ ನನ್ನ ಕತ್ತಿನ ಬಳಿ ಕಿವಿಯಿಟ್ಟು ಆಲಿಸಿದಳು. ಅವಳ ಉಸಿರು ಮಾತ್ರ ನನಗೆ ತಾಗಲಿಲ್ಲ.

"ಊಹೂಂ" ಎಂದಳು, ಬಹಳ ಮೆತ್ತಗೆ. "ನೀವು ಹೋಗ್ಬೇಡಿ."

ಅಷ್ಟರಲ್ಲಿ ಮಸೀದಿಯ ಅಜಾನ್ ಕೇಳಿಸಿತು. ಬಾಗಿಲು ಸಲೀಸಾಗಿ ಒಳಕ್ಕೆ ತೆರೆಯಿತು. ಸಿಸ್ಟರ್ ಸ್ಟೆಲ್ಲಾ ಅದನ್ನು ತಳ್ಳಿಕೊಂಡು ಬಂದಿದ್ದರು. ನೆಲದ ಮೇಲೆ ಕೂತಿದ್ದ ನನ್ನನ್ನು ಎಬ್ಬಿಸಿದರು. ಪಕ್ಕದ ಮಂಚದ ಹಾಸಿಗೆ ಸುಕ್ಕಿಲ್ಲದೆ ಹಾಸಿದಂತೆಯೇ ಇತ್ತು. ರಾತ್ರಿ ಹೊಸಬರು ಯಾರೂ ಬಂದಿರಲಿಲ್ಲವಂತೆ. ಬಾಗಿಲಿಗೆ ಹೊರಗಡೆ ಚಿಲಕವೂ ಇರಲಿಲ್ಲ.

ಬೆಳಿಗ್ಗೆ ಡಾಕ್ಟರ್ ಬಂದಾಗ ಲಕ್ಷ್ಮಿ ಆಗಲೇ ಚೀಲ ಕಟ್ಟಿಕೊಂಡು ನಿಂತಿದ್ದಳು. ನಾನು ಮಂಚದ ಕಂಬಿ ಹಿಡಿದುಕೊಂಡು, ಹೋಗುವುದಿಲ್ಲ ಎಂದೆ. ಎಷ್ಟು ದಿನದಿಂದ ಮನೆ ಮನೆ ಎನ್ನುತ್ತಿದ್ದವಳಿಗೆ ಏನಾಯಿತು ಎಂದು ಲಕ್ಷ್ಮಿ ಅಳುಮೋರೆ ಮಾಡಿದಳು. ಒಬ್ಬ ಹೆಂಗಸು ಬಂದಿದ್ದಳು, ನೀರು ಕುಡಿಸಿದಳು, ಹೋಗಬೇಡ ಎಂದಳು... ಪಿಸುಗುಟ್ಟಲು ಆದಷ್ಟನ್ನು ನಾನು ಹೇಳಿದೆ. ಶಿವಾಜಿನಗರ ಎನ್ನುವಷ್ಟರಲ್ಲಿ ಉಸಿರು ಸಾಲದೆ ನಿಲ್ಲಿಸಿದೆ. ಅವಳ ಕತ್ತಿನ ವಿಷಯ ಹೇಳಲೇ ಇಲ್ಲ.

ಡಾಕ್ಟರ್ ನಗಲಿಲ್ಲ. ಜ್ವರ ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಎದುರಿಗೇ ನೀರು ಕುಡಿಸಿದರು. ಎಲ್ಲ ಸರಿಯಾಗಿತ್ತು. ಕಳಿಸಬಾರದು ಎನ್ನಲು ಒಂದು ಕಾರಣವೂ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಖಾಲಿ ಮಂಚವನ್ನು ನೋಡುತ್ತಾ ನಿಂತರು. ಆಮೇಲೆ ಸಂಜೆಯವರೆಗೆ ನೋಡೋಣ ಎಂದು ಹೊರಟುಹೋದರು.

ಸಂಜೆ ಚಳಿ ಹತ್ತಿತು. ಹಲ್ಲು ಕಟಕಟಿಸುವಂಥ ಚಳಿ, ಬೆನ್ನಿಗೇ ಜ್ವರ. ಕತ್ತು ಊದಿಕೊಂಡಿತು. ಬಾಯಿ ಒಣಗಿದೆಯೆಂದು ಲಕ್ಷ್ಮಿ ಒಂದು ಚಮಚ ನೀರು ಹಾಕಿದಳು. ಮರುಕ್ಷಣ ಚಮಚ ಅವಳ ಕೈಯಿಂದ ಬಿತ್ತು. ನನ್ನ ಬ್ಯಾಂಡೇಜಿನಿಂದ ನೀರು ಒಸರುತ್ತಿತ್ತು.

ಹೊಲಿಗೆ ಬಿಟ್ಟಿತ್ತು. ಎಕ್ಸ್‌ರೇಯಲ್ಲಿ ಸರಿಯಾಗಿ ಕಂಡದ್ದೂ ಆಮೇಲೆ ಹೀಗೆ ಬಿಡುವುದುಂಟಂತೆ. ರಾತ್ರಿಯೇ ಗಾಯ ಬಿಚ್ಚಿ ಕೀವು ತೆಗೆದರು. ಮನೆಯಲ್ಲಿದ್ದಿದ್ದರೆ ಬೆಳಗಾಗುವುದರೊಳಗೆ ವಿಷವೇರುತ್ತಿತ್ತು ಎಂದು ಡಾಕ್ಟರ್ ಯಜಮಾನರಿಗೆ ಹೇಳಿದರಂತೆ. ಬಾಯಿಗೆ ಒಂದು ಹನಿಯೂ ಇಲ್ಲದೆ ಅದೇ ಆಸ್ಪತ್ರೆಯಲ್ಲಿ ಮತ್ತೆ ವಾರಗಟ್ಟಲೆ ಬಿದ್ದಿದ್ದೆ. ಕೋಣೆಯನ್ನು ಮಾತ್ರ ಸಿಸ್ಟರ್ ಸ್ಟೆಲ್ಲಾ ತಾವಾಗಿಯೇ ಬದಲಾಯಿಸಿದರು. ಏಕೆಂದು ಕೇಳಿದರೆ, ಆ ರೂಮಲ್ಲಿ ಗಾಳಿ ಬರಲ್ಲಮ್ಮಾ ಎಂದರು.

ಗಾಯ ಕೂಡಿತು. ಮತ್ತೆ ಬಣ್ಣದ ಔಷಧಿ, ಮತ್ತೆ ಎಕ್ಸ್‌ರೇ. ಈ ಸಲ ಡಾಕ್ಟರ್ ಸುಂದರೇಶ್ ಎಲ್ಲರನ್ನೂ ಹೊರಗೆ ಕಳಿಸಿ ನನ್ನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಅವತ್ತು ಬಂದಿದ್ರಲ್ಲ... ಅವ್ರ ಬ್ಯಾಂಡೇಜ್ ಎಡಗಡೆ ಇತ್ತಾ?"

ನಾನು ಮೆಲ್ಲಗೆ ತಲೆಯಾಡಿಸಿದೆ.

"ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ?"

ಇಲ್ಲವೆಂದೆ. ಅವರು ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿದರು. ನೀವಿನ್ನು ಮನೆಗೆ ಹೋಗಬಹುದು ಎಂದು ಎದ್ದರು.

ಅವಳು ನಿನ್ನ ಪ್ರಾಣ ಉಳಿಸಿದಳು, ಅವಳ ಹೆಸರಲ್ಲಿ ಒಂದು ದೀಪ ಹಚ್ಚು ಎನ್ನುತ್ತಾಳೆ ಲಕ್ಷ್ಮಿ. ಇಷ್ಟು ವರ್ಷವಾದರೂ ನಾನು ಹಚ್ಚಿಲ್ಲ. ಏಕೆಂದರೆ ಅವಳು ಬರುವ ಮೊದಲು ಎಲ್ಲೂ ಸೋರಿಕೆ ಇರಲಿಲ್ಲ. ಎಕ್ಸ್‌ರೇಯನ್ನು ನಾನೇ ಕಣ್ಣಾರೆ ನೋಡಿದ್ದೆ. ನಡುವೆ ಆದದ್ದು ಒಂದೇ... ಅವಳು ಕೊಟ್ಟ ನೀರನ್ನು ನಾನು ಕುಡಿದೆ.

ನನ್ನ ಹೊಲಿಗೆ ಬಿಡುವುದು ಅವಳಿಗೆ ಮೊದಲೇ ತಿಳಿದಿತ್ತೋ, ಒಬ್ಬಳೇ ಇದ್ದು ಸಾಕಾಗಿ ಜೊತೆಗೊಬ್ಬರು ಬೇಕೆಂದು ನನ್ನನ್ನು ಹಿಡಿದಿಟ್ಟುಕೊಂಡಳೋ... ನನಗೆ ಇಂದಿಗೂ ಗೊತ್ತಿಲ್ಲ.