ಎಡಗೈಯ ಗಾಲ್ಫ್ ಕೋಲು
ನಾನು ಚನ್ನಗಿರಿಯ ಹೈಸ್ಕೂಲೊಂದರಲ್ಲಿ ಆಟದ ಮೇಡಂ, ಹುಟ್ಟಾ ಎಡಚಿ. ಗಾಲ್ಫ್ ಕಲಿಯುವ ಆಸೆಯಿಂದ ಶಿವಮೊಗ್ಗದ ಆಟದ ಸಾಮಾನಿನ ಅಂಗಡಿಯೊಂದಕ್ಕೆ ಹೋಗಿ ಎಡಗೈಯವರ ಕೋಲು ಕೇಳಿದೆ. ಮಾಲೀಕ ನನ್ನ ಮುಖವನ್ನೂ ನೋಡದೆ ಬಲಗೈಯವರ ದೊಡ್ಡ ಸೆಟ್ಟೊಂದನ್ನು ಮುಂದೆ ತಳ್ಳಿದ.

"ಎಡಗೈದು ಇಲ್ವೇನ್ರೀ?" ಅಂದೆ.

"ಹೊಸಬ್ರಿಗೆ ಯಾವ ಕೈಯಾದ್ರೇನು? ಬಲಗೈಲೇ ಆಡಾಕೆ ಕಲೀರಿ. ಎಡಗೈ ಕೆಟ್ಟ ಚಾಳಿ."

ಚಿಕ್ಕಂದಿನಲ್ಲಿ ಎಡಗೈಲಿ ಉಂಡಿದ್ದಕ್ಕೆ ಅಜ್ಜಿ ಸೌಟಿನಿಂದ ಬಾರಿಸುತ್ತಿದ್ದಳು. ಆಗ ಅಳುತ್ತಿದ್ದೆ, ಈಗ ಮೈ ಉರಿಯಿತು.

"ಇಲ್ಲ ಅಂದ್ರೆ ಇಲ್ಲ ಅನ್ರಿ. ನನ್ನ ಕೈ ತಿದ್ದಾಕೆ ಬರಬೇಡ್ರಿ," ಎಂದು ಹೊರಬಿದ್ದೆ.

ಆಮೇಲೆ ಎಡಗೈಯವರು ಬಳಸಿದ್ದ ಹಳೆಯ ಕೋಲೊಂದನ್ನು ಆನ್‌ಲೈನಿನಲ್ಲಿ ತರಿಸಿಕೊಂಡೆ. ಕಲಿಯುವವರಿಗೆ ಒಂದೇ ಸಾಕು. ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಹೊಡೆಯುತ್ತೇನೆ. ಚೆಂಡು ನೆಟ್ಟಗೆ ಹೋಗುತ್ತದೆ, ಆ ಮನುಷ್ಯನ ಮೇಲಿನ ಸಿಟ್ಟು ಮಾತ್ರ ಹೋಗಿಲ್ಲ.